ಅಳತೆ ಪುಸ್ತಕದ ಒಂದು ಹಾಳೆ

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕಾಜ ಹೇಳಿದಳು: "ಅಕ್ಕಾ, ಮುಂದಿನ ವಾರದಿಂದ ನಾನು ಬರಲ್ಲ. ರಸ್ತೆ ಆಚೆ ಬೀಗ ರಿಪೇರಿಯವನ ಹಳೇ ಮಳಿಗೆ ಹಿಡಿದಿದ್ದೀನಿ."

ಅಕ್ಕ ಮೆಷಿನ್ನು ನಿಲ್ಲಿಸಲಿಲ್ಲ. ಕೋಟಿನ ತೋಳು ಮುಗಿಯುವವರೆಗೂ ತುಳಿದು, ದಾರ ಕಡಿದು, ಆಮೇಲೆ ಕನ್ನಡಕ ತೆಗೆದಳು.

"ರಸ್ತೆ ಆಚೆ ಅಂದ್ರೆ, ಎದುರಿಗೇ?"

"ಎದುರಿಗೇ ಅಕ್ಕ. ಸ್ವಲ್ಪ ಓರೆ."

"ಇರ್ಲಿ ಬಿಡು. ನೀನು ಯಾವತ್ತು ನೆಟ್ಟಗೆ ಹೊಲಿದಿದ್ದೀಯ?"

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಒಂಬತ್ತು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದವಳಿಗೆ ಮೊದಲ ವರ್ಷವಿಡೀ ಗುಂಡಿಯ ಕಾಜ ಹೊಲಿಯುವುದೊಂದೇ ಕೆಲಸ. ಆಗ ಅಂಟಿಕೊಂಡ ಹೆಸರು. ಈಗ ಅವಳ ಗಂಡನೂ ಹಾಗೇ ಕರೆಯುತ್ತಾನೆ.

ದರ್ಜಿಗಳ ಆ ಬೀದಿಯಲ್ಲಿ ಒಂದು ಪದ್ಧತಿಯಿತ್ತು. ಕಲಿತವರು ಸ್ವಂತ ಅಂಗಡಿ ಇಡಲು ಹೊರಟರೆ, ಕೊನೆಯ ದಿನ ಕಲಿಸಿದವರು ತಮ್ಮ ಅಳತೆ ಪುಸ್ತಕವನ್ನು ಅವರ ಮುಂದೆ ಬಿಚ್ಚಿಡಬೇಕು. ಹಾಳೆಗೆ ಒಬ್ಬ ಗಿರಾಕಿ. ಯಾವ ಹಾಳೆಯ ಮೇಲೆ ಬೆರಳಿಟ್ಟರೋ ಅದನ್ನು ತೆಗೆದುಕೊಡಬೇಕು. ಅಂದಿನಿಂದ ಆ ಗಿರಾಕಿ ಅವರ ಪಾಲು. ಕೊಡುವವರು ಬಾಯಿ ಹಾಕುವಂತಿಲ್ಲ. ಪಡೆದವರು ಕೊಟ್ಟವರಿಗೆ ಏನನ್ನೂ ಹಿಂದಿರುಗಿಸುವಂತಿಲ್ಲ. ತಮ್ಮಲ್ಲಿ ಕಲಿತವರು ಹೊರಟಾಗ ತಮ್ಮ ಪುಸ್ತಕ ಬಿಚ್ಚಬೇಕು, ಅಷ್ಟೆ.

ಅಕ್ಕನ ಸರದಿ ಬಂದದ್ದು ಇದೇ ಮೊದಲು.

ಯಾವ ಹಾಳೆ ಹೋಗುತ್ತದೆ ಎಂದು ಅವಳಿಗೆ ಕೇಳಿದ ಕ್ಷಣವೇ ಗೊತ್ತಾಗಿತ್ತು. ಹೆಡ್‌ಮಿಸ್ಸು. ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದರು. ಅವರು ಎಲ್ಲಿ ಕೋಟು ಹೊಲಿಸಿದರೆ ಶಾಲೆಯ ಹನ್ನೊಂದು ಟೀಚರುಗಳೂ ಅಲ್ಲೇ ಹೊಲಿಸುತ್ತಿದ್ದರು. ಅವರಿಲ್ಲದಿದ್ದರೆ ಅಂಗಡಿಗೆ ವಾರದಲ್ಲಿ ಮೂರು ದಿನದ ಕೆಲಸವೂ ಇರುವುದಿಲ್ಲ.

ಶನಿವಾರ ಮಧ್ಯಾಹ್ನ ಕಾಜ ಊಟಕ್ಕೆ ಹೋಗಿದ್ದಾಗ ಅಕ್ಕ ಪುಸ್ತಕದ ದಾರ ಸಡಿಲಿಸಿ ಆ ಹಾಳೆಯನ್ನು ಎಳೆದುಕೊಂಡಳು. ಇಷ್ಟು ವರ್ಷದಲ್ಲಿ ಒಂದು ಅಂಗುಲ ಬಟ್ಟೆ ಕದ್ದವಳಲ್ಲ.

ಹಾಳೆಯ ಮೇಲ್ಭಾಗದಲ್ಲಿ ತನಗೆ ಹೊಲಿಗೆ ಕಲಿಸಿದ ಮಾಸ್ಟರ ಅಕ್ಷರ. ಅದನ್ನು ಎಷ್ಟೋ ಕಾಲದಿಂದ ಓದಿರಲಿಲ್ಲ, ಕೆಳಗಿನ ತನ್ನ ಅಂಕಿಗಳನ್ನಷ್ಟೇ ನೋಡುತ್ತಿದ್ದಳು. ಈಗ ಓದಿದಳು. ತೋಳು, ಎದೆ, ಸೊಂಟ. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಬರೆಯುತ್ತಿದ್ದರು. ಪ್ರತಿ ಸಾಲಿನ ಮೊದಲ ಅಂಕಿ ದಟ್ಟ, ಕೊನೆಯದು ಮಾಸಲು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಹಾಯಿಸಿದಾಗ ಏಳುವ ಹಬೆಯ ವಾಸನೆ, ಸೀಮೆಸುಣ್ಣದ ಪುಡಿ ಹತ್ತಿದ ಅವರ ಮೊಣಕೈ, ಕತ್ತರಿ ಕೆಳಗೆ ಬಿದ್ದರೆ ಗಿರಾಕಿ ಎದುರಿಗಿದ್ದರೂ ಗದರುತ್ತಿದ್ದ ಗಂಟಲು, ಎಲ್ಲ ಬಂತು.

ಮಾಸ್ಟರ ಅಂಗಡಿ ಬಿಟ್ಟು ಅವಳು ಹೊರಟ ದಿನ ಇದೇ ಹಾಳೆಯ ಮೇಲೆ ಬೆರಳಿಟ್ಟಿದ್ದಳು. ಇಪ್ಪತ್ತಾರರ ವಯಸ್ಸಿನ ಸೊಕ್ಕು. ಮಾಸ್ಟರು, "ಇವರೇನಾ?" ಎಂದು ಒಂದೇ ಮಾತು ಕೇಳಿದ್ದರು. "ಹೂಂ ಮಾಸ್ಟ್ರೇ" ಎಂದಿದ್ದಳು. ಅವರು ಹಾಳೆ ಕೊಟ್ಟು, ಪುಸ್ತಕದಲ್ಲಿ ಬರೆಯದ ಒಂದು ವಿಷಯವನ್ನು ಮೆಲ್ಲಗೆ ಹೇಳಿ, ಚಹಾದ ನೀರು ಕುದಿಯಿತೇ ಎಂದು ನೋಡಲು ಒಳಗೆ ಹೋಗಿದ್ದರು.

ಅದೇ ವರ್ಷ ಒಮ್ಮೆ ಅವರನ್ನು ನೋಡಲು ಹೋದಾಗ ಎರಡನೆಯ ಮೆಷಿನ್ನಿಗೆ ಮುಸುಕು ಹಾಕಿತ್ತು. ಆಮೇಲೆ ಹೋದಾಗಲೂ ಇತ್ತು. ಮಾಸ್ಟರಿಗೆ ವಯಸ್ಸಾಯಿತು ಎಂದುಕೊಂಡಿದ್ದಳು. ಆ ಮೆಷಿನ್ನಿನ ಕೆಲಸ ಈ ಹಾಳೆಯ ಜೊತೆ ಹೊರಟುಹೋಗಿತ್ತೆಂದು ಇವತ್ತಿನವರೆಗೂ ಹೊಳೆದಿರಲಿಲ್ಲ.

ಅಕ್ಕ ಹಾಳೆಯನ್ನು ಅದರ ಜಾಗದಲ್ಲೇ ಇಟ್ಟು ದಾರ ಬಿಗಿದಳು.

ಸಂಜೆ ನಾಲ್ಕಕ್ಕೆ ಬಟ್ಟೆ ಕತ್ತರಿಸುವ ಮೇಜನ್ನು ಒರೆಸಿ ಪುಸ್ತಕ ಬಿಚ್ಚಿಟ್ಟಳು. ಕಾಜ ಒಂದೊಂದೇ ಹಾಳೆ ತಿರುವಿದಳು. ಹೆಡ್‌ಮಿಸ್ಸಿನ ಹಾಳೆ ಬಂತು, ಹೋಯಿತು. ಎಲ್ಲೋ ಕೊನೆಯಲ್ಲಿ ಬೆರಳು ನಿಂತಿತು.

"ಇವರು, ಅಕ್ಕ."

ನಿವೃತ್ತ ಪೋಸ್ಟ್‌ಮ್ಯಾನ್. ವರ್ಷಕ್ಕೊಂದು ಪ್ಯಾಂಟು, ಅದೂ ಹಳೆಯದನ್ನು ಬಿಚ್ಚಿ ತಿರುಗಿಸಿ ಹೊಲಿಸುವ ಆಸಾಮಿ.

ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪದ್ಧತಿಯ ಪ್ರಕಾರ ಬಾಯಿ ಹಾಕುವಂತಿಲ್ಲ. ಹಾಳೆ ತೆಗೆದುಕೊಟ್ಟರೆ ಮುಗಿಯಿತು. ಅವಳು ಕಾಜಳ ಮುಖ ನೋಡಿದಳು. ಕಾಜ ಮೂಲೆಯಲ್ಲಿದ್ದ ತನ್ನ ಮೆಷಿನ್ನಿನ ಕಡೆ ನೋಡುತ್ತಿದ್ದಳು.

"ಅವರ ಒಂದು ಪ್ಯಾಂಟು ನಂಬ್ಕೊಂಡು ಮಳಿಗೆ ಹಿಡಿದ್ಯೇನೇ?"

"ನಂಗೆ ಸಾಕು ಅಕ್ಕ."

"ನನ್ನ ಮೇಲೆ ಕನಿಕರ ಪಡೋಕೆ ನಿಂಗಿನ್ನೂ ವಯಸ್ಸಾಗಿಲ್ಲ. ಸರಿಯಾಗಿ ನೋಡು."

ಕಾಜ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಆಮೇಲೆ, "ಹೆಡ್‌ಮಿಸ್ಸನ್ನ ಕೇಳಿದ್ರೆ ಬೈತೀರಾ?" ಎಂದಳು.

"ಬೈತೀನಿ. ಕೇಳು."

ಕೇಳಿದಳು. ಅಕ್ಕ ದಾರ ಬಿಚ್ಚಿ ಹಾಳೆ ಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಇದ್ರಲ್ಲಿ ಬರೀದೇ ಇರೋದು ಒಂದಿದೆ. ಅವರ ಬಲಭುಜ ಎಡದಕ್ಕಿಂತ ಅರ್ಧ ಅಂಗುಲ ಕೆಳಗಿದೆ. ಬರೆದ್ರೆ ಅವರ ಕಣ್ಣಿಗೆ ಬೀಳುತ್ತೆ. ಒಳಗೆ ಒಂದು ಪದರ ಜಾಸ್ತಿ ಕೊಟ್ಟು..." ಎಂದಳು.

"ಅಕ್ಕಾ, ಆರು ವರ್ಷದಿಂದ ಆ ಪದರ ಇಡ್ತಿರೋದು ಯಾರು?"

ಅಕ್ಕ ಕನ್ನಡಕ ಒರೆಸಿದಳು. "ಹೇಳ್ಬೇಕಿತ್ತು, ಹೇಳ್ದೆ. ಬಾಯ್ಮುಚ್ಚು."

ಸೋಮವಾರ ಬೆಳಿಗ್ಗೆ ಹೆಡ್‌ಮಿಸ್ಸು ಎಂದಿನಂತೆ ಅಕ್ಕನ ಅಂಗಡಿಗೇ ಬಂದರು, ಕಂಕುಳಲ್ಲಿ ಬೂದು ಬಣ್ಣದ ಕೋಟಿನ ಬಟ್ಟೆ. ಅಕ್ಕ ವಿಷಯ ಹೇಳಿದಳು.

"ಮತ್ತೆ ವರ್ಗಾನಾ ನಂಗೆ?" ಅವರು ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಶಾಲೆಯವರು ಒಂದ್ಸಲಾನೂ ಮಾಡ್ಲಿಲ್ಲ. ದರ್ಜಿಗಳು ಎರಡು ಸಲ ಮಾಡಿದ್ರಿ."

"ನಿಮಗೆ ಇಷ್ಟ ಇಲ್ಲ ಅಂದ್ರೆ, ಮಿಸ್..."

"ಹಾಗಂದ್ನಾ ನಾನು? ನಿಮ್ಮ ಮಾಸ್ಟರು ಅವತ್ತು ತಾವೇ ಬಟ್ಟೆ ಹಿಡ್ಕೊಂಡು ನಿಮ್ಮ ಬಾಗಿಲವರೆಗೂ ಬಂದಿದ್ರು. ಒಳಗೆ ಬರ್ಲಿಲ್ಲ. ಆದ್ರೆ ದಾರಿಯುದ್ದಕ್ಕೂ ನಿಮ್ಮದೇ ಗುಣಗಾನ. 'ಕಾಲರ್ ಕೂರಿಸೋದನ್ನ ನಾನೇ ಅವಳನ್ನ ಕದ್ದು ನೋಡಿ ತಿದ್ಕೊಂಡೆ' ಅಂದ್ರು. ನೀವೇನು ಬಾಗಿಲಲ್ಲೇ ನಿಂತು ಕೈ ಬೀಸ್ತೀರೋ?"

ಮಾಸ್ಟರ ಬಾಯಿಂದ ಅಕ್ಕನಿಗೆ ಸಿಕ್ಕಿದ್ದ ಅತಿ ದೊಡ್ಡ ಮೆಚ್ಚುಗೆ 'ಹೂಂ, ನಡೆಯುತ್ತೆ.' ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಕ್ಕ ಬಟ್ಟೆಯನ್ನು ಎತ್ತಿಕೊಂಡು ಮೆಟ್ಟಿಲು ಇಳಿದಳು.

ಸೈಕಲ್ಲೊಂದು ಹೋಗುವವರೆಗೆ ಇಬ್ಬರೂ ಕಾದರು.

"ಇವಳ ಕೈಲಿ ಒಂದು ಕಾಜ ಹೊಲಿಸಿ ನೋಡಿ, ಮಿಸ್," ಎಂದಳು ಅಕ್ಕ. "ಒಳಗಡೆ ಯಾವುದು ಹೊರಗಡೆ ಯಾವುದು ಅಂತ ನಂಗೇ ಗೊತ್ತಾಗಲ್ಲ. ಆಮೇಲೆ ಜೇಬು. ಜೇಬಿನ ಬಾಯಿ ಅವಳು ಹೊಲಿದ್ರೆ..."

ಎದುರಿನ ಅಂಗಡಿ ಹದಿನೈದೇ ಹೆಜ್ಜೆ. ಹೇಳುವುದು ಇನ್ನೂ ಬಹಳವಿತ್ತು. ಅಕ್ಕ ನಿಧಾನವಾಗಿ ನಡೆದಳು.