ನಡೆಯದೆ ಬಿಟ್ಟ ಬೀದಿ

“ಒಬ್ಬರೂ ಬಾಯಿ ಬಿಡಬಾರ್ದು ಕಣ್ರೀ ಅನುಸೂಯಾ,” ಫೋನಿನಲ್ಲಿ ಪಕ್ಕದ ಮನೆಯ ಮೋಹನರಾಜ ಹೇಳುತ್ತಿದ್ದರು. “ಆ ಹರಿಕೇನ್‌ನಲ್ಲಿ ನಮ್ಮ ಬೀದಿಗೆ ನೀರೇ ಬರ್ಲಿಲ್ಲ, ಅಷ್ಟೇ. ನೀವೂ ಸೈನ್ ಮಾಡಿದೀರ. ನಿಮ್ಮ ಜಪಾನಿ ಮೇಡಂ ನಮ್ಮನ್ನ ಮುಳುಗಡೆ ಮ್ಯಾಪಿಗೆ ಸೇರಿಸಿದ್ರೆ ಈ ಮನೆಗಳನ್ನ ಯಾರು ಮೂಸಿ ನೋಡ್ತಾರೆ?”

“ಆಕಿ ಹಂಗೆಲ್ಲಾ ಬಗ್ಗೂ ಪೈಕಿ ಅಲ್ಲರೀ.”

“ಹಾಗಾದ್ರೆ ನಾಳೆ ಕುರ್ಚಿ ಹೋಗುತ್ತೆ, ನೋಡ್ತಿರಿ,” ಎಂದು ನಕ್ಕು ಫೋನಿಟ್ಟರು.

ಸುಮಿಕೊ ಹಾಯಾಶಿ ಮೂವತ್ತು ವರ್ಷಗಳ ಹಿಂದೆ ಕೌಂಟಿಯ ನೀರುಗಾಲುವೆ ಇಲಾಖೆಗೆ ಸೇರಿದ್ದು ಮೋರಿ ಎಣಿಸುವ ಕೆಲಸಕ್ಕೆ. ಗಂಡಸರು ಬೆನ್ನ ಹಿಂದೆ ‘ಬೂಟಿನಜ್ಜಿ’ ಎಂದು ಆಡಿಕೊಳ್ಳುತ್ತಿರುವಾಗಲೇ ಅದೇ ರಬ್ಬರ್ ಬೂಟಿನಲ್ಲಿ ನಿರ್ದೇಶಕಿಯ ಕುರ್ಚಿಯವರೆಗೂ ನಡೆದುಬಿಟ್ಟರು. ಆ ಕುರ್ಚಿಯಲ್ಲಿ ಕೂತ ಮೊದಲ ಜಪಾನಿ ಹೆಂಗಸು. ತಾವೇ ನಡೆದು ನೋಡದ ಬೀದಿಯ ನಕ್ಷೆಗೆ ಸಹಿ ಹಾಕಿದವರಲ್ಲ. ಹನ್ನೊಂದು ವರ್ಷದಿಂದ ಅನುಸೂಯಾ ಅವರ ಸಹಾಯಕಿ. ಈ ಬೀದಿಗೆ ನೀರು ಬಂದಿತ್ತೆಂದು ಅಳತೆಯಂತ್ರಗಳು ಹೇಳುತ್ತಿದ್ದವು. ಬಂದಿರಲಿಲ್ಲವೆಂದು ಇಪ್ಪತ್ತೆರಡು ಮನೆಯವರು ಸಹಿ ಹಾಕಿದ್ದರು. ನಾಳೆಯ ಕೌಂಟಿ ಸಭೆಯಲ್ಲಿ ಆ ಕಾಗದವೊಂದೇ ಸಾಕಿತ್ತು, ಸುಮಿಕೊ ಸುಳ್ಳು ನಕ್ಷೆ ಬರೆದರೆಂದು ಮನೆಗೆ ಕಳಿಸಲು.

ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಸುಮಿಕೊ. ಹಿಂದೆ ಹ್ಯೂಸ್ಟನ್ನಿನ ಆಕಾಶ ಕಾವಲಿಯ ತಳದಂತೆ ಕಪ್ಪಿಟ್ಟಿತ್ತು, ಎಲೆಯೂ ಅಲುಗುತ್ತಿರಲಿಲ್ಲ.

“ನಿಮ್ಮ ಬೀದಿಯೊಂದನ್ನ ನಡೆದಿರಲಿಲ್ಲ,” ಎಂದರು ಇಂಗ್ಲಿಷಿನಲ್ಲಿ. “ನೀನಿದ್ದೀಯಲ್ಲ, ನಿಜ ಹೇಳ್ತೀಯ ಅಂತ.”

ಬೇರೆ ಅಧಿಕಾರಿಗಳಾಗಿದ್ದರೆ ಶೂ ಹಾಕಿಕೊಂಡೇ ಸೋಫಾದವರೆಗೂ ಬರುತ್ತಿದ್ದರು. ಸುಮಿಕೊ ಹೊಸ್ತಿಲಲ್ಲೇ ಕಳಚಿ, ಇಡಲು ಶೂ ಕಪಾಟಿನ ಬಾಗಿಲು ತೆರೆದರು. “ಮೇಡಂ, ಅಲ್ಲೇ ಬಿಡ್ರಿ—” ಎಂದು ಕನ್ನಡದಲ್ಲೇ ಕೂಗಿದ ಅನುಸೂಯಾಳ ಕೈ ಅರ್ಧಕ್ಕೇ ನಿಂತಿತು. ನೀರಿಳಿದ ಮೇಲೆ ಮನೆಗೆಲ್ಲ ಹೊಸ ಗೋಡೆ, ಹೊಸ ಬಣ್ಣ ಮಾಡಿಸಿದ್ದಳು. ಚಪ್ಪಲಿ ಇಡುವ ಕಪಾಟಿಗೆ ಯಾರು ಮಾಡಿಸುತ್ತಾರೆ? ಒಳಗೆ ಹಿಂಬದಿಯ ಹಲಗೆಯ ಮೇಲೆ ನೀರು ನಿಂತ ಕಂದು ಗೆರೆಯೊಂದು ಈ ತುದಿಯಿಂದ ಆ ತುದಿಗೆ ಓಡಿತ್ತು.

“ಎಷ್ಟು ದಿನ ನಿಂತಿತ್ತು?”

ಅನುಸೂಯಾಳ ಕೈಯಲ್ಲಿದ್ದ ಫೋನು ಅದುರಿತು. ಮೋಹನರಾಜರೇ.

“ಒಂಬತ್ತು ದಿನ, ಮೇಡಂ.”

“ನಾಳೆ ಸಭೆಯಲ್ಲಿ ಎಲ್ಲರೆದುರು ನೀನೇ ಇದನ್ನ ಹೇಳಬೇಕು. ಸುಳ್ಳು ಸಹಿ ಹಾಕಿದವಳು ಅಂತ ನಿನ್ನ ಕೆಲಸ ಹೋಗಬಹುದು.”

“ಹೇಳದಿದ್ರೆ ನಿಮ್ದು ಹೋಗುತ್ತೆ.”

ಸುಮಿಕೊ ನೆಲದ ಮೇಲೆ ಮಂಡಿಯೂರಿ ಕೂತು, ಚೀಲದಿಂದ ಅಳತೆಪಟ್ಟಿ ಎಳೆದು ಅದರ ತುದಿಯನ್ನು ಚಾಚಿದರು. ಅನುಸೂಯಾ ಅದುರುತ್ತಲೇ ಇದ್ದ ಫೋನನ್ನು ಬೋರಲು ಹಾಕಿ, ಎದುರು ಕೂತು, ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು. ಹಾಗೆ ಕೂತಾಗ ಗೆರೆ ಇಬ್ಬರ ಗಂಟಲಿನ ಮಟ್ಟಕ್ಕಿತ್ತು.