ಶೇಕಡಾ ಮೂವತ್ತೆಂಟು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅಣ್ಣ ಫಿಟ್ಟರ್, ತಂಗಿ ಪ್ರೋಗ್ರಾಮರ್. ಇಬ್ಬರ ಕೆಲಸವೂ ಒಂದೇ ಯಂತ್ರದ ಮೇಲೆ. ಅದರ ಹೊಟ್ಟೆ ಅವನ ಪಾಲಿಗೆ, ತಲೆ ಇವಳ ಪಾಲಿಗೆ. ಮಂಚದಷ್ಟು ಅಗಲದ ಎರಡು ಉಕ್ಕಿನ ಹಲಗೆಗಳಲ್ಲಿ ಮೇಲಿನದು ಗಾಳಿಯ ಒತ್ತಡದಿಂದ ಇಳಿದು ರಟ್ಟನ್ನು ಅದುಮಿ ಹಿಡಿಯುತ್ತದೆ. ಯಾವಾಗ ಇಳಿಯಬೇಕು, ಯಾವಾಗ ಏಳಬೇಕು ಎನ್ನುವುದೆಲ್ಲ ತಂಗಿ ಬರೆದ ಪ್ರೋಗ್ರಾಮಿನಲ್ಲಿತ್ತು.

ಆ ಬೆಳಿಗ್ಗೆ ಅವಳು ಬಂದು ಕೂತಾಗ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಏನೋ ಅರ್ಧ ಅಪ್‌ಡೇಟ್ ಮಾಡಿಕೊಂಡು ಕೂತಿತ್ತು. ಹಳೆಯ ಪಾಸ್‌ವರ್ಡ್ ನಡೆಯುವುದಿಲ್ಲವೆಂದಿತು. ಹೊಸದು ಕೊಟ್ಟರೆ, ಹಿಂದಿನ ಹನ್ನೆರಡರಲ್ಲಿ ಒಂದನ್ನು ಹೋಲುತ್ತದೆಂದಿತು. ಮೂರನೆಯ ಸಲ ಕೊಟ್ಟದ್ದನ್ನು ಒಪ್ಪಿಕೊಂಡು, ಹದಿನೈದು ನಿಮಿಷ ಕಾಯಿರಿ ಎಂದಿತು. ಕೀಬೋರ್ಡಿನ ಎಂಟರ್ ಕೀ ತಿಂಗಳಿಂದ ಅಂಟಿಕೊಳ್ಳುತ್ತಿತ್ತು. ಬೇರೆಯದು ಕೇಳಿ ಮೂರು ಅರ್ಜಿ ಬರೆದಿದ್ದಳು.

"ಏನೇ, ನಿನ್ನ ಡಬ್ಬ ಇನ್ನೂ ಎದ್ದಿಲ್ವಾ?" ಅಣ್ಣ ಯಂತ್ರದ ಹಿಂದಿನಿಂದ ಕೇಳಿದ.

"ಎದ್ದಿದೆ. ಮುಖ ತೊಳೀತಿದೆ."

"ನಂಗೆ ಸ್ಪ್ಯಾನರ್ ಹಿಡಿಯೋಕೆ ಪಾಸ್‌ವರ್ಡ್ ಬೇಕಿಲ್ಲ ನೋಡು."

"ಅದಕ್ಕೇ ವಾರಕ್ಕೊಂದು ಕಳ್ಕೊಳ್ತೀಯ."

ಅವನು ನಕ್ಕ. ಕೆಳ ಹಲಗೆಯ ಒಂದು ಬೋಲ್ಟ್ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಲು ಕೈ ಒಳಗೆ ಹಾಕಬೇಕು. ಹಾಗೆ ಹಾಕುವ ಮುಂಚೆ ಗೋಡೆಯ ಬೀಗ ತಿರುಗಿಸಿ, ಯಂತ್ರದ ಕರೆಂಟು ಕಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕೆಂಬುದು ನಿಯಮ. ಆದರೆ ಒಮ್ಮೆ ಬೀಗ ತಿರುಗಿಸಿದರೆ ಯಂತ್ರ ಮತ್ತೆ ಏಳಲು ಇಪ್ಪತ್ತು ನಿಮಿಷ, ಮೇಲೆ ಮೂರು ಪಾಸ್‌ವರ್ಡ್. ಹಾಗಾಗಿ ಇಬ್ಬರೂ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಅವನು "ಕೈ ಒಳಗಿದೆ" ಎನ್ನುವುದು, ಇವಳು "ಆಯ್ತು" ಎಂದು ನಿಜವಾದ ಯಂತ್ರದ ತಂಟೆಗೆ ಹೋಗದಿರುವುದು. ಪರದೆಯ ಮೇಲೆ ಎರಡು ವಿಂಡೋ. ಒಂದು ಪ್ರಯೋಗಕ್ಕೆ, ಅದರಲ್ಲಿ ಏನು ಒತ್ತಿದರೂ ಪರದೆಯ ಚಿತ್ರವಷ್ಟೇ ಆಡುತ್ತದೆ. ಇನ್ನೊಂದು ನಿಜದ್ದು. ನೋಡಲು ಎರಡೂ ಒಂದೇ ಥರ ಇರುತ್ತಿದ್ದರಿಂದ ಅವಳು ನಿಜದ್ದಕ್ಕೆ ಕೆಂಪು ಬಣ್ಣ ಕೊಟ್ಟಿದ್ದಳು. ನಾಲ್ಕು ವರ್ಷದಿಂದ ಅವಳ ಕಣ್ಣು ಅಕ್ಷರ ಓದುವುದನ್ನೇ ಬಿಟ್ಟಿತ್ತು. ಕೆಂಪಿಲ್ಲವೆಂದರೆ ಭಯವಿಲ್ಲ.

"ಕೈ ಒಳಗಿದೆ."

"ಆಯ್ತು."

ಅಪ್‌ಡೇಟ್ ಅವಳ ಬಣ್ಣಗಳನ್ನೆಲ್ಲ ಅಳಿಸಿ, ಯಂತ್ರ ಮಾಡಿದ ಕಂಪನಿಯವರ ಬೂದುಬಣ್ಣವನ್ನೇ ಮತ್ತೆ ಬಳಿದಿತ್ತು. ಪಾಸ್‌ವರ್ಡಿನ ಜೊತೆ ಜಗಳವಾಡಿ ತಲೆ ಕೆಟ್ಟಿದ್ದವಳು ಮುಂದಿದ್ದ ಬೂದು ವಿಂಡೋದಲ್ಲಿ ಇಳಿಯುವ ಆಜ್ಞೆ ಬರೆದು ಎಂಟರ್ ಒತ್ತಿದಳು.

ಹಲಗೆ ಇಳಿಯಿತು. ಒದ್ದೆ ಕಟ್ಟಿಗೆ ಮುರಿದಂಥ ಸದ್ದು. ಅಣ್ಣ ಕೂಗಲಿಲ್ಲ, ಗಂಟಲಿನಿಂದ ಗಾಳಿಯಷ್ಟೇ ಹೊರಬಂತು. ಅವಳು ತಿರುಗಿ ನೋಡಿದಾಗ ಅವನು ಮೊಣಕಾಲೂರಿ ಕುಸಿದಿದ್ದ. ಬಲಗೈ ಮಣಿಕಟ್ಟಿನವರೆಗೆ ಹಲಗೆಗಳ ನಡುವೆ ಇತ್ತು. ಅಂಚಿನಿಂದ ರಕ್ತ ರಟ್ಟಿನ ಚೂರುಗಳ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಗೋಡೆಯ ದೊಡ್ಡ ಗುಂಡಿ ಗುದ್ದಿದಳು. ಯಂತ್ರ ನಿಂತಿತು. ಆದರೆ ಆ ಗುಂಡಿ ನಿಲ್ಲಿಸುತ್ತದೆ ಅಷ್ಟೇ, ಹಿಡಿದದ್ದನ್ನು ಬಿಡಿಸುವುದಿಲ್ಲ. ಬಿಡಿಸಬೇಕಾದರೆ ಕಂಪ್ಯೂಟರ್ ಹೇಳಬೇಕು. ಓಡಿ ಬಂದು ನೋಡಿದರೆ, ಯಂತ್ರ ಹೇಗೂ ನಿಂತಿದೆಯಲ್ಲ ಎಂದು ಅದು ಉಳಿದ ಅಪ್‌ಡೇಟ್ ಮುಗಿಸಿಕೊಳ್ಳಲು ಹೊರಟಿತ್ತು. 'ದಯವಿಟ್ಟು ಕಾಯಿರಿ. ಆಫ್ ಮಾಡಬೇಡಿ. ಶೇಕಡಾ 38.'

ಕಂಪನಿಯ ನಂಬರಿಗೆ ಫೋನ್ ಮಾಡಿದಳು.

"ನಿಮ್ಮ ಗ್ರಾಹಕ ಸಂಖ್ಯೆ ಹೇಳ್ತೀರಾ ಮೇಡಂ?"

"ನಮ್ಮಣ್ಣನ ಕೈ ಪ್ಲೇಟಲ್ಲಿ ಸಿಕ್ಕಿದೆ. ಎತ್ತೋದು ಹೇಗೆ, ಅದನ್ನ ಹೇಳಿ."

"ಅಪ್‌ಡೇಟ್ ಮುಗಿಯೋವರೆಗೂ ಯಾವ ಕಮಾಂಡೂ ಹೋಗಲ್ಲ ಮೇಡಂ. ನಲವತ್ತು ನಿಮಿಷ ಆಗಬಹುದು. ಅಲ್ಲೀವರೆಗೂ ಯಂತ್ರಕ್ಕೆ ಪೆಟ್ಟು ಮಾಡಬೇಡಿ, ವಾರಂಟಿ ಹೋಗುತ್ತೆ."

ಅವಳು ಫೋನನ್ನು ಗೋಡೆಗೆ ಎಸೆದಳು. ಅಲ್ಲೇ ಬೆಂಕಿ ಅವಘಡಕ್ಕೆಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕೊಡಲಿ ಕಂಡಿತು. ಮೊಣಕೈಯಿಂದ ಗಾಜು ಒಡೆದು ಅದನ್ನು ಕಿತ್ತುಕೊಂಡಳು.

"ಮೇಲಿನ ಪೈಪ್," ಅಣ್ಣ ಹಲ್ಲು ಕಚ್ಚಿಕೊಂಡೇ ಹೇಳಿದ. "ಗಾಳಿ ಹೋದ್ರೆ ಬಿಡುತ್ತೆ. ಕಡಿ. ಮುಖ ಮಾತ್ರ ಆಚೆ ಇಟ್ಕೋ."

ಪೈಪಿಗೆ ಉಕ್ಕಿನ ತಂತಿ ನೇಯ್ದಿತ್ತು. ಮೊದಲ ಏಟು ಪುಟಿದು ಅವಳ ಭುಜವನ್ನೇ ಜಗ್ಗಿತು. ಎರಡನೆಯದಕ್ಕೆ ತಂತಿ ಸೀಳಿತು. ಮೂರು. ನಾಲ್ಕು. ಐದನೆಯ ಏಟಿಗೆ ಪೈಪು ಹಗ್ಗ ಹರಿದುಕೊಂಡ ಹೋರಿಯಂತೆ ನೆಗೆದು ಅವಳ ಬಲಕೆನ್ನೆಯನ್ನು ಕಿವಿಯವರೆಗೆ ಸೀಳಿತು. ಅವಳಿಗೆ ಅದು ತಿಳಿಯಲಿಲ್ಲ. ಕೊಡಲಿ ಬಿಸುಟು, ಗೋಡೆಗೆ ಒರಗಿಸಿದ್ದ ಹಾರೆಯನ್ನು ಹಲಗೆಗಳ ನಡುವೆ ತೂರಿಸಿ ಇಡೀ ಮೈಭಾರ ಹಾಕಿದಳು. ಹಲಗೆ ನಾಲ್ಕು ಬೆರಳಿನಷ್ಟು ಎದ್ದಿತು. ಅವನು ಕೈ ಎಳೆದುಕೊಂಡ. ಹೆಬ್ಬೆರಳು, ತೋರುಬೆರಳು ಬಿಟ್ಟರೆ ಅಲ್ಲಿ ಕೈಯೆಂದು ಗುರುತಿಸುವಂಥದ್ದು ಏನೂ ಇರಲಿಲ್ಲ.

ಪೆಟ್ಟಿಗೆ ಮಡಚುವ ಹೆಂಗಸರು ಓಡಿ ಬಂದು ಅವನ ಮಣಿಕಟ್ಟಿಗೆ ಬಟ್ಟೆ ಬಿಗಿದರು. ಆಂಬುಲೆನ್ಸಿಗೆ ಕರೆ ಹೋಯಿತು. ತಂಗಿ ಕೊಡಲಿಯನ್ನು ಮತ್ತೆ ಎತ್ತಿಕೊಂಡು ಮೇಜಿನ ಬಳಿ ಹೋದಳು. ಪರದೆ ನಲವತ್ತೊಂದು ತೋರಿಸುತ್ತಿತ್ತು. ಅವಳು ಪರದೆಗೆ ಹೊಡೆದಳು. ಡಬ್ಬಕ್ಕೆ ಹೊಡೆದಳು. ಕೀಬೋರ್ಡಿಗೆ ಹೊಡೆದಾಗ ಕೀಗಳು ಉದುರಿದ ಹಲ್ಲಿನಂತೆ ನೆಲದ ತುಂಬ ಚೆಲ್ಲಿದವು. ಡಬ್ಬ ಬಿದ್ದ ಮೇಲೂ ಮೇಜನ್ನೇ ಕಡಿಯುತ್ತಿದ್ದಳು. ಮೂವರು ಹಿಂದಿನಿಂದ ತಬ್ಬಿ ಹಿಡಿಯಬೇಕಾಯಿತು.

"ಸಾಕಮ್ಮ, ಸತ್ತಿದೆ ಅದು," ಎಂದಳು ಅವರಲ್ಲಿ ಹಿರಿಯಳು. "ನಿನ್ನ ಮುಖ ನೋಡ್ಕೋ ಮೊದಲು."

ಮರುದಿನ ಮಧ್ಯಾಹ್ನ ಅಣ್ಣನಿಗೆ ಪೂರ್ತಿ ಎಚ್ಚರವಾಯಿತು. ಮೂರು ಬೆರಳು ತೆಗೆದಿದ್ದರು. ಉಳಿದೆರಡರಲ್ಲಿ ಸ್ಪರ್ಶ ಬರುವುದೋ ಇಲ್ಲವೋ ಈಗಲೇ ಹೇಳಲಾಗದೆಂದು ಡಾಕ್ಟರು ಹೇಳಿಹೋಗಿದ್ದರು. ಹನ್ನೆರಡು ಹೊಲಿಗೆ ಹಾಕಿಸಿಕೊಂಡ ತಂಗಿ ಸ್ಟೂಲಿನ ಮೇಲೆ ಕೂತಿದ್ದಳು.

"ಪ್ಲೇಟು ತಾನಾಗೇ ಇಳೀತಾ?" ಅವನು ಕೇಳಿದ. "ಆ ದರಿದ್ರ ಅಪ್‌ಡೇಟಿಂದ?"

ಹೂಂ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ಪುಡಿಯಾಗಿತ್ತು. ಕಂಪನಿಯ ಮೇಲೆ ಅವನಿಗೂ ಸಿಟ್ಟಿತ್ತು, ಆ ಸಿಟ್ಟು ನ್ಯಾಯವೂ ಆಗಿತ್ತು.

"ಬಣ್ಣ ಅಳಿಸಿದ್ದು ಅಪ್‌ಡೇಟು. ಒತ್ತಿದ್ದು ನಾನು," ಎಂದಳು. "ಓದದೆ ಒತ್ತಿದೆ ಅಣ್ಣ. ಆಯ್ತು ಅಂದಿದ್ದೆ ನಿಂಗೆ."

ಅವನು ಬ್ಯಾಂಡೇಜಿನ ಮುದ್ದೆಯನ್ನು ನೋಡಿದ. ಆಮೇಲೆ ಎಡಗೈ ಬೀಸಿ ಅವಳ ಮುಖಕ್ಕೆ ಬಾರಿಸಿದ. ಗ್ಲುಕೋಸಿನ ಸ್ಟ್ಯಾಂಡ್ ಉರುಳಿತು. ಸೂಜಿ ಅವನ ತೋಳಿನಿಂದ ಕಿತ್ತು ಬಂತು. ಅವಳು ತಪ್ಪಿಸಿಕೊಳ್ಳಲಿಲ್ಲ. ಎರಡನೆಯ ಏಟಿಗೆ ಹೊಲಿಗೆ ಬಿಚ್ಚಿ, ರಕ್ತ ಗದ್ದದಿಂದ ಅವನ ಹಾಸಿಗೆಗೇ ಇಳಿಯಿತು.

ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಅವನು ಹೊದಿಕೆಯ ಅಂಚನ್ನು ಎಳೆದು ಮುದ್ದೆ ಮಾಡಿ ಅವಳ ಕೆನ್ನೆಗೆ ಅದುಮಿದ.

"ಅಲ್ಲಾಡಬೇಡ," ಎಂದ. "ಇನ್ನೂ ಹತ್ತಿರ ಬಾ. ಕೈ ಸೋಲ್ತಿದೆ ನಂಗೆ."

ಅವಳು ಸ್ಟೂಲನ್ನು ಮಂಚಕ್ಕೆ ತಾಗುವಷ್ಟು ಎಳೆದುಕೊಂಡಳು. ನರ್ಸ್ ಓಡಿ ಬಂದು, ಯಾರು ಯಾರಿಗೆ ಏನು ಮಾಡಿದರೆಂದು ಬೈಯುತ್ತ ಬಿಡಿಸಲು ನೋಡಿದಳು. ಅವನು ಬಟ್ಟೆಯನ್ನು ಬಿಡಲಿಲ್ಲ.