ವಕೀಲರನ್ನು ಕೆರೆಗೆ ಕರೆದುಕೊಂಡು ಹೋಗುವ ವಿಚಾರ

ನಮ್ಮ ಮನೆಯಲ್ಲಿ ಅಪ್ಪ ಮಗಳು ಮಾತು ಬಿಟ್ಟಿದ್ದರು. ಬಿಟ್ಟಿದ್ದರು ಅಂದರೆ ಬಾಯಿ ಮುಚ್ಚಿಕೊಂಡಿದ್ದರು ಅಂತಲ್ಲ. ಹಾಗೆ ಮಾಡಿದ್ದರೆ ನನ್ನ ಕಿವಿಗಾದರೂ ಸ್ವಲ್ಪ ನೆಮ್ಮದಿ ಸಿಗುತ್ತಿತ್ತು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಅವರು ನಾಯಿಗೆ ಹೇಳುತ್ತಿದ್ದರು.

ನಾಯಿಯ ಹೆಸರು ವಕೀಲ. ಮೈಯೆಲ್ಲ ಕಪ್ಪು, ಕತ್ತಿನ ಕೆಳಗೆ ಮಾತ್ರ ಎರಡು ಬಿಳಿ ಪಟ್ಟಿ. ಮಗಳು ಶಾಲೆಗೆ ಹೋಗುತ್ತಿದ್ದಾಗ ಅದನ್ನು ಬೀದಿಯಿಂದ ಎತ್ತಿಕೊಂಡು ಬಂದು, ‘ಕೋಟು ಹಾಕ್ಕೊಂಡೇ ಹುಟ್ಟಿದಾನೆ’ ಅಂತ ಆ ಹೆಸರಿಟ್ಟಳು. ಆಗ ಅದು ತಮಾಷೆಗೆ ಇಟ್ಟ ಹೆಸರು. ಮುಂದೆ ನಿಜವಾಗಿಯೂ ಎರಡು ಕಡೆಯ ವಾದವನ್ನೂ ಹೊರುವ ಕೆಲಸ ಅದರ ತಲೆಗೇ ಬಂತು.

ನಮ್ಮ ಯಜಮಾನರದು ಹಲ್ಲು ಕಟ್ಟುವ ಕೆಲಸ. ಪೇಟೆಯ ಹಲ್ಲಿನ ಡಾಕ್ಟರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುತ್ತಾರೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಗೆ ಒರಗಿಸಿದ ಉದ್ದನೆ ಬೆಂಚು, ಮೇಣ ಕರಗಿಸುವ ಸಣ್ಣ ದೀಪ, ಬಿಳಿ ಪ್ಲಾಸ್ಟರಿನ ದವಡೆಗಳ ಸಾಲು, ಮೂಲೆಯಲ್ಲಿ ಕಿವಿ ಹರಿಯುವ ಹಾಗೆ ಸದ್ದು ಮಾಡುವ ಪಾಲಿಶ್ ಮೋಟಾರು. ಮಗಳು ಓದು ಮುಗಿಸಿ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಅದೇ ಕೆಲಸ ಕಲಿತಳು. ಅವಳ ಕೈ ಒಳ್ಳೆಯ ಕೈ. ನಾನು ಹೆತ್ತವಳು ಅಂತ ಹೇಳುವುದಲ್ಲ, ಡಾಕ್ಟರೇ ಹೇಳಿದ್ದು.

ಜಗಳ ಶುರುವಾದದ್ದು ಹೋದ ಚಳಿಗಾಲದಲ್ಲಿ. ಡಾಕ್ಟರು ಒಂದು ಕೆಳಗಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಅಜ್ಜಿಯೊಬ್ಬರ ಬಾಯಲ್ಲಿ ಅದು ಕೂರುತ್ತಿಲ್ಲವಂತೆ, ಮಾತಾಡಿದರೆ ಜಾರುತ್ತದಂತೆ. ಅದಕ್ಕೆ ಮುಂಚೆಯೂ ಕೆಲವು ಹಾಗೇ ವಾಪಸು ಬಂದಿದ್ದವು. ಯಜಮಾನರು, ಅಚ್ಚು ತೆಗೆದದ್ದೇ ಸರಿ ಇಲ್ಲ ಅಂತ ಡಾಕ್ಟರ ಮೇಲೆ ಎತ್ತಿ ಹಾಕುವುದಕ್ಕೆ ಶುರು ಮಾಡಿದರು. ಆಗ ಮಗಳು ತಲೆ ಎತ್ತದೆ ಹೇಳಿದಳು.

“ಅಚ್ಚು ಸರಿಯಾಗೇ ಇದೆ ಡಾಕ್ಟ್ರೇ. ಅಪ್ಪನ ಕೈ ನಡುಗುತ್ತೆ. ಇನ್ಮೇಲೆ ಕೆಳಗಿನ ಸೆಟ್ಟೆಲ್ಲ ನಾನೇ ಮಾಡ್ತೀನಿ.”

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಚಹಾದ ಲೋಟ ತಟ್ಟೆಗೆ ತಾಗಿ ಕಟಕಟ ಅನ್ನುವುದನ್ನು ನಾನೂ ಕೇಳಿದ್ದೆ, ಕೇಳಿಸದ ಹಾಗೆ ಇದ್ದೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಡಾಕ್ಟರು ಹೋದ ಮೇಲೆ ಯಜಮಾನರು ಬೆಂಚಿನ ಕೆಳಗೆ ಮಲಗಿದ್ದ ನಾಯಿಯ ಕಡೆ ಬಗ್ಗಿ, “ವಕೀಲರೇ, ನನ್ನ ಕೈ ಬಗ್ಗೆ ನನ್ನ ಮನೇಲೇ ತೀರ್ಪಾಯ್ತು, ಕೇಳಿದ್ರಾ?” ಅಂದರು. ಮಗಳೂ ಅಪ್ಪನ ಮಗಳೇ. ಅವಳೂ ನಾಯಿಗೇ ಉತ್ತರ ಕೊಟ್ಟಳು. ಊರಿನವರ ಬಾಯಿಗೆಲ್ಲ ಹಲ್ಲು ಕಟ್ಟಿದ ಮನುಷ್ಯ ಅವತ್ತಿನಿಂದ ತನ್ನ ಬಾಯಿ ಕಟ್ಟಿಕೊಂಡರು.

ಒಂದೇ ಬೆಂಚು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಮೇಣ ಬೇಕಾದರೆ ‘ವಕೀಲರೇ, ಮೇಣ ಯಾರ ಹತ್ರ ಇದೆ ವಿಚಾರಿಸಿ’. ಊಟಕ್ಕೆ ಹೊತ್ತಾದರೆ ‘ವಕೀಲರೇ, ನಿಮ್ಮ ಕಕ್ಷಿದಾರರಿಗೆ ಹಸಿವಿಲ್ವಂತಾ?’ ಮೊದಮೊದಲು ನನಗೆ ನಗು ಬರುತ್ತಿತ್ತು. ಎರಡು ದಿನದ ಕೋಪ, ತಾನಾಗಿ ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಮಗಳಿಗೆ ದೂರದ ಪಟ್ಟಣದ ದೊಡ್ಡ ಕಾರ್ಖಾನೆಯೊಂದರಲ್ಲಿ ಇದೇ ಕೆಲಸ ಸಿಕ್ಕಿತು. ಬೇಸಿಗೆ ಮುಗಿಯುತ್ತಿದ್ದ ಹಾಗೆ ಹೊರಡಬೇಕು. ಆ ಸುದ್ದಿಯನ್ನೂ ಅವಳು ನಾಯಿಗೇ ಹೇಳಿದಳು. ಇವರು ಮೇಣ ಕೆರೆಯುತ್ತಲೇ ಅಂದರು, “ಹೋಗೋರನ್ನ ಹಿಡ್ಕೊಳ್ಳೋಕೆ ಆಗಲ್ಲ ಅಂತ ಹೇಳಿ ವಕೀಲರೇ. ನನ್ನ ಕೈ ನಡುಗುತ್ತಂತಲ್ಲ.”

ಈ ಮನುಷ್ಯನ ಹಟ ನಾನು ಕಂಡಿದ್ದೇನೆ. ಇವರ ಅಣ್ಣನ ಜೊತೆಗೂ ಹೀಗೇ ಮಾತು ಬಿಟ್ಟಿದ್ದರು, ಕಾರಣ ಇಬ್ಬರಿಗೂ ಮರೆತು ಹೋಗಿತ್ತು. ಅಣ್ಣ ತೀರಿಹೋದ ದಿನ ಆ ಮನೆಯ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡದೆ, ಗೇಟು ಹಿಡಿದುಕೊಂಡು ನಿಂತಿದ್ದು ವಾಪಸು ಬಂದರು. ಇವಳು ಹೀಗೇ ಬಸ್ಸು ಹತ್ತಿದರೆ ಇವರಿಬ್ಬರ ಕಥೆಯೂ ಅಷ್ಟೇ ಅಂತ ನನಗೆ ಖಾತ್ರಿಯಾಯಿತು. ಹೊರಡುವುದರೊಳಗೆ ಅಪ್ಪ ಮಗಳ ಮುಖ ನೋಡಿ ಒಂದು ಮಾತಾಡಬೇಕು. ನನಗೆ ಬೇಕಾದದ್ದು ಅಷ್ಟೇ.

ಹಾಗಾಗಿ ಕೆರೆಯ ಯೋಚನೆ ಬಂತು. ಮಗಳು ಚಿಕ್ಕವಳಿದ್ದಾಗ ಬೇಸಿಗೆ ಬಂತೆಂದರೆ ನಾವು ದೊಡ್ಡ ಕೆರೆಯ ದಂಡೆಗೆ ಹೋಗಿ ಒಂದು ವಾರ ಇದ್ದು ಬರುತ್ತಿದ್ದೆವು. ದೋಣಿಗೆ ಹುಟ್ಟು ಹಾಕುತ್ತಿದ್ದದ್ದು ಇವರೇ. ಅಲ್ಲಿ ಮೋಟಾರಿಲ್ಲ, ಡಾಕ್ಟರಿಲ್ಲ, ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುವುದಕ್ಕೆ ಇನ್ನೊಂದು ಕೋಣೆಯೂ ಇಲ್ಲ. ಇಬ್ಬರನ್ನೂ ಒಂದೇ ದೋಣಿಯಲ್ಲಿ ಕೂರಿಸಿ ನೀರಿನ ನಡುವೆ ತಳ್ಳಿದರೆ ಮಾತಾಡದೆ ಎಲ್ಲಿಗೆ ಹೋಗುತ್ತಾರೆ ಅಂತ ನನ್ನ ಲೆಕ್ಕಾಚಾರ.

ಊಟದ ಹೊತ್ತಿಗೆ ವಿಷಯ ಎತ್ತಿದೆ. ಯಜಮಾನರು ನಾಯಿಯನ್ನು ನೋಡಿ, ಕೆರೆಯಲ್ಲಿ ಇರುವುದು ನೀರು ತಾನೇ, ಅದು ನಲ್ಲಿಯಲ್ಲೂ ಬರುತ್ತದೆ ಅಂದರು. ವಕೀಲರು ಬಂದರೆ ತಾನೂ ಬರುತ್ತೇನೆ ಅಂದಳು ಮಗಳು. ವಕೀಲರನ್ನು ಕಂಡಕಂಡವರ ಜೊತೆ ಕಳಿಸುವುದಕ್ಕಾಗುವುದಿಲ್ಲವಲ್ಲ ಅಂತ ಇವರೂ ಗೊಣಗುತ್ತ ಒಪ್ಪಿದರು. ಅಂದರೆ ನಾಯಿ ಹೊರಟರೆ ಎಲ್ಲರೂ ಹೊರಟ ಹಾಗೆ, ನಾಯಿ ಉಳಿದರೆ ಯಾರೂ ಇಲ್ಲ.

ಮಾರನೆಯ ದಿನದಿಂದ ನಾನು ಫೋನು ಹಿಡಿದು ಕೂತೆ. ಕೆರೆಯ ಸುತ್ತ ಎಷ್ಟು ಮನೆ ಬಾಡಿಗೆಗೆ ಸಿಗುತ್ತವೋ ಅಷ್ಟಕ್ಕೂ ಮಾಡಿದೆ. ನಾಯಿ ಅಂದ ತಕ್ಷಣ ಎಲ್ಲರ ದನಿಯೂ ತಣ್ಣಗಾಗುತ್ತಿತ್ತು. ಬೆಕ್ಕಾಗಿದ್ದರೆ ನೋಡಬಹುದಿತ್ತು ಅಂದರು ಒಬ್ಬರು. ನಾಯಿ ಕಾರಿನಲ್ಲೇ ಮಲಗಲಿ ಅಂದಳು ಇನ್ನೊಬ್ಬಳು. ನಮಗೆ ಕಾರೇ ಇಲ್ಲ. ನಾನು ಬೇಡಿದೆ, ಗೋಗರೆದೆ, ನಾಯಿ ಅಂದರೆ ಅಂಥ ನಾಯಿಯೇನಲ್ಲ ಅಂತ ಏನೇನೋ ಹೇಳಿದೆ. ಹುಲ್ಲುಕಡ್ಡಿ ಸಿಕ್ಕರೂ ಹಿಡಿದುಕೊಳ್ಳುವ ಸ್ಥಿತಿ ನನ್ನದು.

ಕೊನೆಗೆ ಆಚೆ ದಂಡೆಯ ದೋಣಿಯವನೊಬ್ಬ ಒಪ್ಪಿದ. ಅವನ ಮನೆಯ ಹಿಂದೆ ಒಂದು ಕೋಣೆ ಇತ್ತು, ಅಂಗಳದಲ್ಲಿ ಬಾತುಕೋಳಿ ಸಾಕಿದ್ದ. ನಾಯಿಗೆ ಚುಚ್ಚುಮದ್ದು ಹಾಕಿಸಿರಬೇಕು, ಬಾತುಕೋಳಿ ಹಿಂದೆ ಓಡಿದರೆ ಕೂಗಿದ ತಕ್ಷಣ ನಿಲ್ಲಬೇಕು, ಇಷ್ಟೇ ಅವನ ಷರತ್ತು.

“ಕರೆದ್ರೆ ಬರುತ್ತಾ ಅಮ್ಮ?” ಅಂತ ಕೇಳಿದ.

“ಪಿಸುಗುಟ್ಟಿದ್ರೂ ಬರುತ್ತಪ್ಪ,” ಅಂದೆ.

ಚುಚ್ಚುಮದ್ದಿಗೆ ನಾನೇ ಕರೆದುಕೊಂಡು ಹೋದೆ. ಪಶುವೈದ್ಯೆ ಕಣ್ಣು ನೋಡಿದರು, ಹಲ್ಲು ನೋಡಿದರು, ಆಮೇಲೆ ನಾಯಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಒಂದು ಸ್ಟೀಲ್ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಬಿಟ್ಟರು. ಹೊರಗೆ ಕಾಯುತ್ತಿದ್ದ ನಾಯಿಗಳೆಲ್ಲ ಬೊಗಳಿದವು. ನಮ್ಮ ವಕೀಲ ಮಾತ್ರ ಎದುರಿನ ಗೋಡೆ ನೋಡುತ್ತ ಆರಾಮಾಗಿ ಕೂತಿತ್ತು.

“ಇದಕ್ಕೆ ಕಿವಿ ಕೇಳ್ಸಲ್ಲ ಅಮ್ಮ,” ಅಂದರು. “ಇವತ್ತಿಂದಲ್ಲ, ತುಂಬಾ ದಿನ ಆಗಿರ್ಬೇಕು. ವಯಸ್ಸಾಯ್ತಲ್ಲ.”

ಕೋಣನ ಮುಂದೆ ಕಿನ್ನರಿ ಅನ್ನುತ್ತಾರೆ. ಕೋಣಕ್ಕೆ ಸಂಗೀತ ತಿಳಿಯದೇ ಇರಬಹುದು, ಕೇಳಿಸುವುದಾದರೂ ಕೇಳಿಸುತ್ತದೆ. ನಮ್ಮ ಮನೆಯ ಸಿಟ್ಟು, ಕೊಂಕು, ಹಸಿವು, ಬೇಸರ ಎಲ್ಲವನ್ನೂ ಇವರಿಬ್ಬರು ಒಂದು ಮುಚ್ಚಿದ ಬಾಗಿಲಿಗೆ ಹೇಳಿಕೊಂಡು ಬಂದಿದ್ದರು. ದಾರಿಯಲ್ಲಿ ನನಗೆ ನಗು ಬಂತು. ನಗುತ್ತ ನಗುತ್ತಲೇ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನಾಯಿ ನನ್ನ ಮಂಡಿ ನೆಕ್ಕಿತು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಕೆರೆಯೂ ಹೋಯಿತು, ಇರುವ ಒಂದು ದಾರಿಯೂ ಮುಚ್ಚಿತು. ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾಯಿಗೆ ಕೈಸನ್ನೆ ಕಲಿಸುವುದಕ್ಕೆ ನೋಡಿದೆ. ಕೈ ಎತ್ತಿದರೆ ನಿಲ್ಲಬೇಕು, ಇಳಿಸಿದರೆ ಬರಬೇಕು. ಅದು ನನ್ನ ಕೈ ನೋಡದೆ ಬ್ರೆಡ್ಡಿನ ಡಬ್ಬಿ ನೋಡುತ್ತಿತ್ತು. ಮುದಿ ನಾಯಿಗೆ ಪಾಠ ಹೇಳುತ್ತ ನೆಲದ ಮೇಲೆ ಮಂಡಿಯೂರಿದ್ದ ನನ್ನನ್ನು ಯಾರಾದರೂ ಕಂಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಸುಳ್ಳೇನಾಗುತ್ತಿರಲಿಲ್ಲ.

ಇನ್ನೊಂದು ಕಡೆ, ನನ್ನ ಉಪಾಯ ಫಲಿಸುತ್ತಿರುವ ಹಾಗೆಯೂ ಕಾಣುತ್ತಿತ್ತು. ಅಟ್ಟದಿಂದ ಚೀಲ ಇಳಿಸಿದ ದಿನದಿಂದ ಇಬ್ಬರೂ ನಾಯಿಗೆ ಜಾಸ್ತಿ ಮಾತಾಡತೊಡಗಿದರು. ವಕೀಲರಿಗೆ ಈಜು ಮರೆತಿಲ್ಲ ತಾನೇ ಅಂತ ಇವರು. ವಕೀಲರ ಟವೆಲ್ಲು ಅಪ್ಪನ ಟವೆಲ್ಲು ಬೇರೆ ಬೇರೆ ಇರಲಿ ಅಂತ ಅವಳು. ಒಂದು ಬೆಳಿಗ್ಗೆ ಇವರು ಹೇಳಿದ ಏನೋ ಮಾತಿಗೆ ಮಗಳು ಮೇಣದ ಮೇಲೆ ಬಗ್ಗಿಕೊಂಡೇ ಮುಸಿಮುಸಿ ನಕ್ಕಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಇನ್ನು ಸ್ವಲ್ಪ ದಿನ, ದೇವರೇ, ಇನ್ನು ಸ್ವಲ್ಪ ದಿನ ತಡೆದರೆ ಸಾಕು ಅಂದುಕೊಂಡೆ.

ದೋಣಿಯವನ ಫೋನು ಬಂದಾಗ ಎತ್ತಿದ್ದು ಯಜಮಾನರು. ಅವನು ಮತ್ತೆ ಅದನ್ನೇ ಕೇಳಿದ್ದಾನೆ, ಕರೆದರೆ ಬರುತ್ತದೆ ತಾನೇ ಅಂತ. ಇವರು ಆಗಲೇ ಏನಾದರೊಂದು ಹೇಳಿ ಮುಗಿಸಬಹುದಿತ್ತು. ಆದರೆ ಫೋನು ಹಿಡಿದುಕೊಂಡೇ ಬೆಂಚಿನ ಕೆಳಗೆ ನೋಡಿ, ಮೆಲ್ಲಗೆ, “ವಕೀಲರೇ” ಅಂದರು. ನಾಯಿ ಬೆನ್ನು ತಿರುಗಿಸಿ ಮಲಗಿತ್ತು. ಇನ್ನೊಮ್ಮೆ ಕರೆದರು. ಅವರು ಮೂರನೆಯ ಸಲ ಬಾಯಿ ತೆರೆಯುವುದನ್ನು ನನ್ನಿಂದ ನೋಡಲಾಗಲಿಲ್ಲ.

“ಅದಕ್ಕೆ ಕಿವಿ ಕೇಳಲ್ಲ ರೀ,” ಅಂದುಬಿಟ್ಟೆ. “ಚುಚ್ಚುಮದ್ದಿನ ಡಾಕ್ಟ್ರು ಹೇಳಿದ್ರು. ಎಷ್ಟೋ ತಿಂಗಳಾಯ್ತಂತೆ.”

ಇಬ್ಬರೂ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಯಾರೂ ಬೆಚ್ಚಲಿಲ್ಲ. ಮಗಳು ಕೈಯಲ್ಲಿದ್ದ ದವಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಯಜಮಾನರು ಫೋನಿನ ವೈರು ನೋಡಿದರು. ಇಬ್ಬರ ಕಿವಿಯೂ ಕೆಂಪಾಗಿತ್ತು. ಆಗ ನನಗೆ ಹೊಳೆಯಿತು. ಇವರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪಾಲಿಶ್ ಮೋಟಾರು ಹಾಕಿದರೆ ಹಿಂದೆಲ್ಲ ಎದ್ದು ಓಡುತ್ತಿದ್ದ ನಾಯಿ ಈಗ ಗೊರಕೆ ಹೊಡೆಯುತ್ತದೆ ಅನ್ನುವುದು ಅದರ ಪಕ್ಕದಲ್ಲೇ ಕೂರುವವರಿಗೆ ತಿಳಿಯದೆ ಇರುತ್ತದೆಯೇ? ಗೊತ್ತಿದ್ದೂ ಗೊತ್ತಿದ್ದೂ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದರು. ನಾಯಿ ಬರೀ ನೆಪ. ಆ ನೆಪವನ್ನು ನಾನು ನನ್ನ ಬಾಯಿಂದಲೇ ಕಿತ್ತುಕೊಂಡಿದ್ದೆ.

ದೋಣಿಯವನೂ ಎಲ್ಲ ಕೇಳಿಸಿಕೊಂಡಿದ್ದ. ಬೇಸರ ಮಾಡಿಕೊಳ್ಳಬೇಡಿ, ಬಾತುಕೋಳಿಗಳಿವೆ ಅಂತ ಹೇಳಿ ಫೋನಿಟ್ಟ.

ಆ ದಿನದಿಂದ ಮನೆಯಲ್ಲಿ ನಿಜವಾದ ಮೌನ ಶುರುವಾಯಿತು. ಕಿವುಡು ಅಂತ ಎಲ್ಲರಿಗೂ ಗೊತ್ತಾದ ನಾಯಿಗೆ ಇನ್ನು ಯಾರು ಏನು ಹೇಳುತ್ತಾರೆ? ಮೇಣ ಬೇಕಾದರೆ ಇವರು ಎದ್ದು ಹೋಗಿ ತಂದುಕೊಂಡರು. ಕೆರೆಗೆಂದು ಇಳಿಸಿದ ಚೀಲಕ್ಕೆ ಮಗಳು ಪಟ್ಟಣದ ಬಟ್ಟೆ ತುಂಬತೊಡಗಿದಳು. ಬೇಸಿಗೆ ಮುಗಿಯುವವರೆಗೆ ಕಾಯುವುದಿಲ್ಲ, ಈ ಸೋಮವಾರವೇ ಹೊರಡುತ್ತೇನೆ ಅಂದಳು. ಅವಳ ಹತ್ತಿರ ಒಂದು ಮಾತಾಡಿ ಅಂತ ನಾನು ಇವರ ಕಾಲು ಹಿಡಿಯುವುದೊಂದು ಬಾಕಿ. ಏನು ಹೇಳಲಿ ಅಂತ ನನ್ನನ್ನೇ ಕೇಳಿದರು. ಮಗಳ ಹತ್ತಿರ ಅತ್ತೆ. ‘ಅವರೇ ಹೇಳ್ಲಿ ಅಮ್ಮ’ ಅಂದವಳ ಕಣ್ಣೂ ಒದ್ದೆಯಾಗಿತ್ತು. ಕೊನೆಗೆ ನಾಯಿಯ ಮೇಲೇ ಹರಿಹಾಯ್ದೆ. ಕಿವಿ ಹೋಗಿದ್ದು ಹೋಯಿತು, ಹೆಸರು ಕೂಗಿದಾಗ ಒಂದು ಸಲ ಬಾಲ ಅಲ್ಲಾಡಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಬೈದೆ. ಬೈಯುವಾಗ ಅದು ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿತು.

ಭಾನುವಾರ ಮಗಳು ಬಾಕಿ ಇದ್ದ ಒಂದು ಸೆಟ್ಟು ಮುಗಿಸಿಕೊಟ್ಟು ಹೋಗುತ್ತೇನೆಂದು ಪಾಲಿಶ್ ಮೋಟಾರಿನ ಮುಂದೆ ನಿಂತಳು. ಮೂಗಿಗೆ ಬಟ್ಟೆ, ಬೆನ್ನು ನಮ್ಮ ಕಡೆಗೆ. ನಾನು ಚಹಾ ತಗೊಂಡು ಬಂದಾಗ ಯಜಮಾನರು ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದರು. ಮೋಟಾರಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಮತ್ತೆ ನಾಯಿಯ ಜೊತೆ ಶುರು ಮಾಡಿದರೇನೋ ಅಂತ ಆಸೆಯಿಂದ ನೋಡಿದೆ. ನಾಯಿ ಅವರ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು. ಅವರು ನೋಡುತ್ತಿದ್ದದ್ದು ಮಗಳ ಬೆನ್ನನ್ನು.

ಕಳ್ಳ ಮನುಷ್ಯ. ಅವಳಿಗೆ ಕೇಳಿಸುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದರು. ಕಿವುಡು ನಾಯಿ ಕೈತಪ್ಪಿದ್ದಕ್ಕೆ ಈಗ ಮೋಟಾರಿನ ಸದ್ದಿನ ಮರೆ ಹುಡುಕಿಕೊಂಡಿದ್ದರು. ನನಗೆ ಎಲ್ಲಿಲ್ಲದ ಸಿಟ್ಟೂ ಬಂತು, ಕನಿಕರವೂ ಬಂತು. ಚಹಾ ಕೆಳಗಿಟ್ಟು, ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಎಳೆದು ಆರಿಸಿದೆ.

ಮೋಟಾರು ಗುರ್ ಎಂದು ಇಳಿದು ನಿಂತಿತು. ಸದ್ದಿನ ಮೇಲೆ ಏರಿಸಿ ಮಾತಾಡುತ್ತಿದ್ದ ಅವರ ದನಿ ಮಾತ್ರ ನಿಲ್ಲಲಿಲ್ಲ, ಆ ಕೋಣೆಯ ತುಂಬ ಕೂಗಿನ ಹಾಗೆ ಕೇಳಿಸಿತು.

“...ದೋಣಿಗೆ ಹುಟ್ಟು ಹಾಕೋಕೆ ಆಗಲ್ಲ ಮಗಳೇ, ಅದಕ್ಕೇ ಕೆರೆ ಬೇಡ ಅಂದಿದ್ದು. ನೀರಿನ ನಡುವೆ ನಿನ್ನೆದುರಿಗೆ ಹುಟ್ಟು ಕೈ ಬಿಟ್ಟುಹೋದ್ರೆ ಏನ್ಮಾಡ್ಲಿ? ನೀನು ಹೇಳಿದ್ದು ನಿಜ. ನಂಗೆ ಹೆದರಿಕೆ ಆಗುತ್ತೆ.”

ಆಮೇಲೆ ಗೊತ್ತಾಯಿತು ಅವರಿಗೆ. ನನ್ನ ಕಡೆ, ತಮ್ಮ ಬಟ್ಟೆ ಬಿಚ್ಚಿಸಿ ನಿಲ್ಲಿಸಿದವಳನ್ನು ನೋಡುವ ಹಾಗೆ ನೋಡಿದರು. ಆಮೇಲೆ ಅಭ್ಯಾಸಬಲದಿಂದ ನಾಯಿಯ ಕಡೆ ನೋಡಿದರು. ಅದು ನಿದ್ದೆ ಮಾಡುತ್ತಿತ್ತು.

ಮಗಳು ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟಳು. ತಿರುಗಿ, ಮೂಗಿನ ಬಟ್ಟೆ ಕೆಳಗೆ ಎಳೆದುಕೊಂಡು, “ಅಪ್ಪ, ಇನ್ನೊಂದ್ಸಲ ಹೇಳಿ,” ಅಂದಳು.

ಅವರು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ ಬಲಗೈಯನ್ನು ಹೊರಗೆ ತೆಗೆದು ಅವಳ ಮುಂದೆ ಚಾಚಿದರು. ಅವಳು ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಹಿಡಿದುಕೊಂಡ ಮೇಲೂ ಅದು ನಡುಗುತ್ತಲೇ ಇತ್ತು. ಮತ್ತೆ ಯಾರಾದರೂ ಮೋಟಾರು ಹಾಕಿಬಿಟ್ಟಾರು ಅಂತ ಹೆದರಿ ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ.